ಇಳಿಯುವ ನೆಲದ ಕಥೆ

ಹಾರಾಟದ ಕುರಿತ ಕಾವ್ಯಕ್ಕೆ ನಮ್ಮಲ್ಲಿ ಬರವಿಲ್ಲ. ರಾಮಾಯಣದ ಪುಷ್ಪಕ ವಿಮಾನದಿಂದ ಹಿಡಿದು ಇಕ್ಬಾಲರ ಶಾಹೀನ್‌ವರೆಗೆ, ಮೇಲೇರುವುದೆಂದರೆ ದೊಡ್ಡತನ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ಶಾಹೀನ್ ಬರೀ ಗಿಡುಗವಾಗಿ ಉಳಿದಿರಲಿಲ್ಲ. ಬೆಟ್ಟದ ಬಂಡೆಗಳ ಮೇಲೆ ವಾಸಿಸುವ, ಗೂಡು ಕಟ್ಟದ, ಯಾರ ಹಂಗಿಗೂ ಬೀಳದ ಧೀರತೆಯ ಗುರುತಾಗಿತ್ತು ಅದು. ಆ ರೂಪಕದ ಸೆಳೆತ ಈಗಲೂ ಕಡಿಮೆಯಾಗಿಲ್ಲ. ಆದರೆ ಹಾರಿದ್ದು ಎಲ್ಲಿ ಇಳಿಯುತ್ತದೆ, ಇಳಿಯುವ ಆ ನೆಲ ಯಾರದು, ಅದನ್ನು ಬಿಟ್ಟುಕೊಟ್ಟವರು ಯಾರು ಎಂಬ ಪ್ರಶ್ನೆಗಳನ್ನು ಈ ಕಾವ್ಯ ಸಾಮಾನ್ಯವಾಗಿ ಕೇಳುವುದಿಲ್ಲ.

ದುರ್ಗಮ ಬೆಟ್ಟಗಳ ಇಳಿಜಾರಿನಲ್ಲಿ ಕಟ್ಟಿದ ಪುಟ್ಟ ರನ್‌ವೇಗಳ ಬಗ್ಗೆ ಬಂದಿರುವ ಪುಸ್ತಕ, ಟಿವಿ ಕಾರ್ಯಕ್ರಮಗಳನ್ನು ನೋಡುವಾಗ ಈ ಕೊರತೆ ಎದ್ದು ಕಾಣುತ್ತದೆ. ಇಂಥ ಜಾಗಗಳಲ್ಲಿ ವಿಮಾನ ಹಾರಿಸುವುದರ ನಿಜವಾದ ವಿದ್ಯೆ ಇರುವುದು ಇಳಿಯುವುದರಲ್ಲಿ. ಆದರೂ ಇಳಿದ ಜಾಗದ ಜನರ ಬಗ್ಗೆ ಈ ಕೃತಿಗಳಲ್ಲಿ ಸಿಗುವುದು ಬಹಳ ಕಡಿಮೆ. ಇದು ಬರೀ ಮಾಹಿತಿಯ ಕೊರತೆಯಲ್ಲ, ಕಥೆ ಹೇಳುವವರು ಎಲ್ಲಿ ನಿಂತು ಹೇಳುತ್ತಾರೆ ಎಂಬುದಕ್ಕೆ ಸಂಬಂಧಿಸಿದ್ದು. ಹಾಗಾಗಿ ಇದು ವಿಮರ್ಶೆಯ ಪ್ರಶ್ನೆಯೂ ಹೌದು.

ನೇಪಾಳದ ಲುಕ್ಲಾವನ್ನೇ ತೆಗೆದುಕೊಳ್ಳೋಣ. ಎವರೆಸ್ಟ್ ಪ್ರದೇಶಕ್ಕೆ ಹೋಗುವವರಿಗೆ ಅದು ಬಾಗಿಲು. ಸಮುದ್ರಮಟ್ಟದಿಂದ ಸುಮಾರು 2,845 ಮೀಟರ್ ಎತ್ತರದಲ್ಲಿರುವ ಅಲ್ಲಿನ ರನ್‌ವೇ 527 ಮೀಟರ್ ಉದ್ದವಿದೆ. ದೊಡ್ಡ ನಗರಗಳ ರನ್‌ವೇಗಳು ಮೂರು ನಾಲ್ಕು ಕಿಲೋಮೀಟರ್ ಇರುತ್ತವೆ ಎಂಬುದನ್ನು ನೆನೆದರೆ ಇದು ಎಷ್ಟು ಚಿಕ್ಕದು ಎಂದು ತಿಳಿಯುತ್ತದೆ. ಸಾಲದ್ದಕ್ಕೆ ಅದು ಸಮತಟ್ಟಾಗಿಯೂ ಇಲ್ಲ. ಇಳಿಜಾರು ಶೇಕಡಾ 11.7. ಅಂದರೆ ಒಂದು ತುದಿಗಿಂತ ಇನ್ನೊಂದು ತುದಿ ಸುಮಾರು 60 ಮೀಟರ್ ಎತ್ತರದಲ್ಲಿದೆ. ಕೆಳತುದಿಯಲ್ಲಿ ದೂಧ್‌ಕೋಸಿ ನದಿಯ ಕಣಿವೆ ಬಾಯಿ ತೆರೆದುಕೊಂಡಿದ್ದರೆ, ಮೇಲ್ತುದಿಯಲ್ಲಿ ಕಲ್ಲಿನ ಗೋಡೆ, ಅದರ ಹಿಂದೆ ಬೆಟ್ಟ. ವಿಮಾನಗಳು ಇಳಿಯುವುದು ಏರುಮುಖವಾಗಿ, ಹೊರಡುವುದು ಇಳಿಮುಖವಾಗಿ. ಏರು ವಿಮಾನದ ಓಟವನ್ನು ತಡೆಯುತ್ತದೆ, ಇಳಿಜಾರು ಹೊರಡುವ ವಿಮಾನಕ್ಕೆ ವೇಗ ಕೊಡುತ್ತದೆ. ಇಳಿಯುವಾಗ ಲೆಕ್ಕ ತಪ್ಪಿತೆಂದು ಗೊತ್ತಾದರೆ ಬೇರೆ ನಿಲ್ದಾಣಗಳಲ್ಲಿ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬಹುದು. ಇಲ್ಲಿ ಎದುರಿಗೇ ಬೆಟ್ಟವಿರುವುದರಿಂದ ಕೊನೆಯ ಘಳಿಗೆಯಲ್ಲಿ ಆ ಅವಕಾಶವಿಲ್ಲ. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ರೆಕ್ಕೆಗಳಿಗೆ ಆಸರೆ ಕಡಿಮೆ. ಅದೇ ಭಾರವನ್ನು ಹೊರಲು ವಿಮಾನ ಹೆಚ್ಚು ವೇಗದಲ್ಲಿರಬೇಕು. ಮಧ್ಯಾಹ್ನದ ಹೊತ್ತಿಗೆ ಕಣಿವೆಯ ಗಾಳಿ ಜೋರಾಗುತ್ತದೆ, ಮೋಡ ಕವಿಯುತ್ತದೆ. ಆದ್ದರಿಂದ ಹಾರಾಟವೆಲ್ಲ ಬಹುಮಟ್ಟಿಗೆ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು.

ಇಲ್ಲಿ ವಿಮಾನ ಇಳಿಸುವವರ ಕೌಶಲ್ಯ ಸಣ್ಣದಲ್ಲ. ಅಪಾಯವೂ ಕಟ್ಟುಕಥೆಯಲ್ಲ. 2008ರ ಅಕ್ಟೋಬರ್ 8ರಂದು ಮಂಜು ಕವಿದ ಹೊತ್ತಿನಲ್ಲಿ ಇಳಿಯಲು ಬಂದ ಟ್ವಿನ್ ಆಟರ್ ವಿಮಾನ ರನ್‌ವೇಗೆ ಸ್ವಲ್ಪ ಮೊದಲೇ ನೆಲಕ್ಕೆ ಬಡಿದು 18 ಮಂದಿ ಸತ್ತರು. ಉಳಿದದ್ದು ಕ್ಯಾಪ್ಟನ್ ಒಬ್ಬರೇ. 2019ರ ಏಪ್ರಿಲ್ 14ರಂದು ಹೊರಡುತ್ತಿದ್ದ ವಿಮಾನವೊಂದು ಅಡ್ಡ ಹೊರಳಿ, ಬದಿಯಲ್ಲಿ ನಿಂತಿದ್ದ ಹೆಲಿಕಾಪ್ಟರುಗಳಿಗೆ ಬಡಿದು ಮೂವರು ತೀರಿಕೊಂಡರು. ಸತ್ತವರಲ್ಲಿ ನೆಲದ ಮೇಲೆ ಕೆಲಸದಲ್ಲಿದ್ದವರೂ ಸೇರಿದ್ದರು.

ಅಮೆರಿಕದ ಹಿಸ್ಟರಿ ಚಾನೆಲ್ 2010ರಲ್ಲಿ ಜಗತ್ತಿನ ಅತಿ ಕಠಿಣ ವಿಮಾನ ನಿಲ್ದಾಣಗಳ ಪಟ್ಟಿಯೊಂದನ್ನು ಕಾರ್ಯಕ್ರಮವಾಗಿ ತೋರಿಸಿತು. ಅದರಲ್ಲಿ ಮೊದಲ ಸ್ಥಾನ ಲುಕ್ಲಾಕ್ಕೆ. ಆಮೇಲೆ ಇಂಥ ಪಟ್ಟಿಗಳಿಗೆ ಲೆಕ್ಕವೇ ಇಲ್ಲ. ಈ ಬಗೆಯ ಕಾರ್ಯಕ್ರಮಗಳಿಗೆ ಈಗ ಒಂದು ಸಿದ್ಧ ವ್ಯಾಕರಣವೇ ಇದೆ. ಮೊದಲು ಮೋಡದ ನಡುವೆ ಕಾಣುವ ರನ್‌ವೇ, ಅದು ಅಂಗೈಯಷ್ಟು ಕಾಣಬೇಕು. ಆಮೇಲೆ ಪೈಲಟ್ ಕೂರುವ ಕೋಣೆಯೊಳಗಿನ ಕ್ಯಾಮೆರಾ. ಎದೆ ಬಡಿತದಂಥ ಸಂಗೀತ. ಹತ್ತಿರ ಹತ್ತಿರ ಬರುವ ಕಲ್ಲುಗೋಡೆ. ಕೊನೆಗೆ ವಿಮಾನ ನಿಂತು, ಪ್ರಯಾಣಿಕರು ಚಪ್ಪಾಳೆ ತಟ್ಟಿ, ಪೈಲಟ್ ನಕ್ಕ ಕೂಡಲೇ ಕಥೆ ಮುಗಿಯುತ್ತದೆ.

ಆದರೆ ಲುಕ್ಲಾದ ಮಟ್ಟಿಗೆ ಕಥೆ ಶುರುವಾಗುವುದೇ ಅಲ್ಲಿಂದ. ಬಾಗಿಲು ತೆರೆದ ಮೇಲೆ ಸಾಮಾನು ಇಳಿಸುವವರಿದ್ದಾರೆ. ಬೆನ್ನಿಗೆ ಡೋಕೋ ಎಂಬ ಬಿದಿರು ಬುಟ್ಟಿ ಏರಿಸಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ನಾಮ್ಚೆಯ ಕಡೆಗೆ ನಡೆಯುವವರಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಶೆರ್ಪಾಗಳಲ್ಲ. ಕೆಳಗಿನ ಬೆಟ್ಟಗಳಿಂದ ಕೂಲಿಗೆ ಬಂದ ರಾಯ್, ತಮಾಂಗ್ ಮೊದಲಾದ ಸಮುದಾಯದವರು. ವಿಮಾನದ ಚಕ್ರ ನಿಂತಲ್ಲಿಂದ ಮನುಷ್ಯನ ಬೆನ್ನಿನ ಕೆಲಸ ಶುರುವಾಗುತ್ತದೆ. ಅರ್ಧ ಗಂಟೆ ಉಸಿರು ಬಿಗಿಹಿಡಿದು ಕುಳಿತ ಪ್ರವಾಸಿಗನ ಭಯ ದಾಖಲಾಗುತ್ತದೆ, ದಿನವಿಡೀ ಹೊರೆ ಹೊತ್ತು ಹತ್ತುವವನ ಮೊಣಕಾಲಿನ ನೋವು ದಾಖಲಾಗುವುದಿಲ್ಲ. ಅಪಾಯ ಎಂಬ ಮಾತನ್ನು ಯಾರ ಬದುಕಿನಿಂದ ಅಳೆಯುತ್ತೇವೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಈ ಕಾರ್ಯಕ್ರಮಗಳ ಇನ್ನೊಂದು ದೋಷವಿದೆ. ಅವು ಆ ಇಳಿಜಾರನ್ನು ಪ್ರಕೃತಿಯ ಕ್ರೌರ್ಯವೆಂಬಂತೆ ತೋರಿಸುತ್ತವೆ. ನಿಜಕ್ಕೂ ಅದರ ಹಿಂದೆ ಒಂದು ಮಾನವ ಇತಿಹಾಸವಿದೆ. 1964ರಲ್ಲಿ ಎಡ್ಮಂಡ್ ಹಿಲರಿಯ ಉಸ್ತುವಾರಿಯಲ್ಲಿ ಈ ರನ್‌ವೇ ಕಟ್ಟುವಾಗ ಮೊದಲು ಕಣ್ಣಿಟ್ಟದ್ದು ಸಮತಟ್ಟಾದ ಹೊಲಗಳ ಮೇಲೆ. ರೈತರು ಕೊಡಲು ಒಪ್ಪಲಿಲ್ಲ. ಬೆಟ್ಟದ ನಾಡಿನಲ್ಲಿ ಸಮತಟ್ಟಾದ ನೆಲವೆಂದರೆ ಅನ್ನ. ವಿಮಾನಕ್ಕೆ ಬೇಕಾದ ನೆಲವೂ ಆಲೂಗಡ್ಡೆಗೆ ಬೇಕಾದ ನೆಲವೂ ಒಂದೇ ಆದಾಗ ಅವರು ಆಲೂಗಡ್ಡೆಯ ಪರ ನಿಂತರು. ಹಾಗಾಗಿ ಹಿಲರಿ ಈಗಿರುವ ಇಳಿಜಾರಿನ ಜಾಗವನ್ನು ಶೆರ್ಪಾಗಳಿಂದ 2,650 ಡಾಲರಿಗೆ ಕೊಂಡರೆಂದು ದಾಖಲಾಗಿದೆ. ಜಗತ್ತಿನ ಅತಿ ಕಠಿಣ ರನ್‌ವೇ ಎಂದು ಟಿವಿ ಕೊಂಡಾಡುವ ಆ ಏರಿನೊಳಗೆ, ಹೊಲ ಕೊಡುವುದಿಲ್ಲ ಎಂದ ಕೆಲವು ರೈತರ ಮಾತು ಹುದುಗಿದೆ. ಕಥೆ ಬರೆಯುವವನಾದ ನನಗೆ ಇದಕ್ಕಿಂತ ದೊಡ್ಡ ವಸ್ತು ಆ ಕಲ್ಲುಗೋಡೆಯಲ್ಲಿ ಕಾಣುವುದಿಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಹೊಲ ಕೇಳಲು ಬಂದವರಿಗೆ ಇಲ್ಲವೆಂದು ಹೇಳಿ, ಆ ಮಾತು ನಡೆದುಹೋದ ಪ್ರಸಂಗಗಳು ಲೋಕದಲ್ಲಿ ಎಷ್ಟಿವೆ?

ಮುಂದಿನ ಸಂಗತಿ ಇನ್ನೂ ಸ್ವಾರಸ್ಯದ್ದು. ನೆಲ ಗಟ್ಟಿಯಾಗಿಲ್ಲವೆಂದು ಹಿಲರಿಗೆ ಅಸಮಾಧಾನವಾದಾಗ, ಊರವರಿಗೆ ಹೆಂಡ ಕೊಡಿಸಿ, ಸಾಲಾಗಿ ನಿಲ್ಲಿಸಿ, ಕಾಲು ಕುಟ್ಟಿ ಕುಣಿಯುವ ಅವರದೇ ಕುಣಿತದಿಂದ ಮಣ್ಣು ತುಳಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ರೋಡ್‌ರೋಲರ್ ಬರಲಾಗದ ಕಡೆ ಮನುಷ್ಯರ ಪಾದಗಳೇ ರೋಲರ್ ಆದವು. ಅದಕ್ಕೆ ಡಾಂಬರು ಬಿದ್ದದ್ದು 2001ರಲ್ಲಿ. ಅಲ್ಲಿಯವರೆಗೆ ಸುಮಾರು 37 ವರ್ಷ ವಿಮಾನಗಳು ಇಳಿದದ್ದು ಜನ ತುಳಿದು ಮಾಡಿದ ಮಣ್ಣಿನ ಮೇಲೆ. ಈ ಕುಣಿತದ ಪ್ರಸಂಗವನ್ನು ಪ್ರವಾಸಿ ಬರಹಗಳು ಒಂದು ತಮಾಷೆಯಾಗಿ ಹೇಳಿ ಮುಂದೆ ಹೋಗುತ್ತವೆ. ಅದು ಜನರ ದುಡಿಮೆಯೂ ಆಗಿತ್ತು ಎಂಬುದು ಆ ನಗೆಯಲ್ಲಿ ಮರೆಯಾಗುತ್ತದೆ.

ರನ್‌ವೇ ಕಟ್ಟಿದ್ದು ಯಾತಕ್ಕೆ ಎಂಬುದೂ ಮುಖ್ಯ. 1961ರಲ್ಲಿ ಖುಮ್‌ಜುಂಗ್‌ನಲ್ಲಿ ಹಿಲರಿಯ ನೆರವಿನಿಂದ ಶಾಲೆ ಶುರುವಾಗಿತ್ತು. ಮುಂದೆ ಆಸ್ಪತ್ರೆ ಕಟ್ಟಬೇಕಿತ್ತು. ಸಾಮಾನೆಲ್ಲ ಕಠ್ಮಂಡು ಕಡೆಯಿಂದ ವಾರಗಟ್ಟಲೆ ಜನರ ಬೆನ್ನ ಮೇಲೆ ಬರಬೇಕಾಗಿತ್ತು. ಖುಂಡೆಯ ಆಸ್ಪತ್ರೆ 1966ರಲ್ಲಿ ಬಾಗಿಲು ತೆರೆಯಿತು. ಅಯೋಡಿನ್ ಕೊರತೆಯಿಂದ ಗಳಗಂಡ ಆ ಸೀಮೆಯಲ್ಲಿ ಮನೆಮನೆಯ ಕಾಯಿಲೆಯಾಗಿತ್ತು. ಹುಟ್ಟುವ ಮಕ್ಕಳ ಬುದ್ಧಿಯೂ ಕುಂಠಿತವಾಗುತ್ತಿತ್ತು. ಅಯೋಡಿನ್ ಚುಚ್ಚುಮದ್ದು ಕೊಟ್ಟು ಆ ಪೀಡೆಯನ್ನು ತಗ್ಗಿಸಿದ್ದು ಈ ಆಸ್ಪತ್ರೆಯ ದೊಡ್ಡ ಕೆಲಸ. ಮೈನವಿರೇಳಿಸುವ ಕಾರ್ಯಕ್ರಮಗಳಿಗೆ ಈ ಗಳಗಂಡ ಒದಗಿಬರುವುದಿಲ್ಲ, ಅದರಲ್ಲಿ ರೋಮಾಂಚನವಿಲ್ಲ.

ಹಾಗೆಂದು ಲುಕ್ಲಾದ ಕಥೆಯನ್ನು ಬರೀ ಉಪಕಾರದ ಕಥೆಯಾಗಿ ಹೇಳುವುದೂ ಸುಳ್ಳಾಗುತ್ತದೆ. ಆಸ್ಪತ್ರೆಗೆ ಸಾಮಾನು ತರಲು ತೆರೆದ ದಾರಿ ಕೆಲವೇ ವರ್ಷಗಳಲ್ಲಿ ಪ್ರವಾಸಿಗರ ಹೆದ್ದಾರಿಯಾಯಿತು. ಕಾಡಿನ ಮೇಲೆ ಒತ್ತಡ ಬಿತ್ತು. 1976ರಲ್ಲಿ ಅಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನ ಬಂತು. ಜಿರಿಯ ಕಡೆಯಿಂದ ನಡೆದು ಬರುವವರನ್ನೇ ನಂಬಿದ್ದ ಕೆಳಗಿನ ಹಳ್ಳಿಗಳ ಚಹಾದಂಗಡಿ, ವಸತಿಮನೆಗಳಿಗೆ ಗಿರಾಕಿಗಳು ಕಡಿಮೆಯಾದರು. ಮೇಲಿನ ಊರು ಬೆಳೆದಷ್ಟೂ ದಾರಿಯ ಊರುಗಳು ಸೊರಗಿದವು. ಇನ್ನು, ಬೆಟ್ಟದ ಹಾರಾಟ ಹಿಲರಿಯ ಮನೆಯನ್ನೂ ಬಿಡಲಿಲ್ಲ. 1975ರ ಮಾರ್ಚ್ 31ರಂದು, ಫಾಪ್ಲುವಿನಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟುತ್ತಿದ್ದ ಅವರನ್ನು ಸೇರಲು ಹೊರಟಿದ್ದ ಹೆಂಡತಿ ಲೂಯಿಸ್ ಮತ್ತು ಮಗಳು ಬೆಲಿಂಡಾ ಕಠ್ಮಂಡುವಿನಲ್ಲಿ ವಿಮಾನ ಮೇಲೇರಿದ ಕೂಡಲೇ ಬಿದ್ದು ಸತ್ತರು. ಆಮೇಲೂ ಹಿಲರಿ ಆ ಕೆಲಸ ಬಿಡಲಿಲ್ಲ. 2008ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಲುಕ್ಲಾ ನಿಲ್ದಾಣಕ್ಕೆ ತೇನ್‌ಸಿಂಗ್ ಮತ್ತು ಹಿಲರಿ ಇಬ್ಬರ ಹೆಸರನ್ನೂ ಇಡಲಾಯಿತು. ಹೊಲ ಕೊಡದವರ ಹೆಸರಾಗಲೀ, ಮಣ್ಣು ತುಳಿದವರ ಹೆಸರಾಗಲೀ ಯಾವ ಫಲಕದಲ್ಲಿ ಬರಬೇಕು?

ಇದೇ ಮಾತು ಇಂಡೋನೇಷ್ಯಾದ ಪಾಪುವಾಕ್ಕೂ ಸಲ್ಲುತ್ತದೆ. ಬ್ರಿಟನ್ನಿನ ಚಾನೆಲ್ 4, 2014ರಲ್ಲಿ ಅಲ್ಲಿನ ಸುಸಿ ಏರ್ ಕಂಪನಿಯಲ್ಲಿ ಕೆಲಸ ಮಾಡುವ ಬ್ರಿಟಿಷ್ ತರುಣ ಪೈಲಟ್‌ಗಳ ಬಗ್ಗೆ ಒಂದು ಸರಣಿ ಪ್ರಸಾರ ಮಾಡಿತು. ಅದರ ಹೆಸರು ‘ಪೈಲಟ್ ಆಗಿರಲು ಅತಿ ಕೆಟ್ಟ ಜಾಗ’ ಎಂಬರ್ಥದ್ದು. ಹೆಸರಿನಲ್ಲೇ ನೋಟ ಯಾರದೆಂದು ಗೊತ್ತಾಗುತ್ತದೆ. ಅನುಭವದ ಗಂಟೆಗಳನ್ನು ಸಂಪಾದಿಸಿ ಮುಂದೆ ದೊಡ್ಡ ಕಂಪನಿಗೆ ಹೋಗಬೇಕೆಂದಿರುವ ತರುಣನಿಗೆ ಅದು ಕೆಟ್ಟ ಜಾಗ ಇರಬಹುದು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಹೆತ್ತು, ಅಲ್ಲಿಯೇ ಮಣ್ಣಾಗುವವರಿಗೆ ಅದು ಊರು. ಪಾಪುವಾದ ನಡುನಾಡಿನ ಬೆಟ್ಟಗಳಲ್ಲಿ ಎಷ್ಟೋ ಹಳ್ಳಿಗಳಿಗೆ ರಸ್ತೆಯಿಲ್ಲ. ಅಕ್ಕಿ, ಔಷಧಿ, ಮೇಷ್ಟರು, ಹೆರಿಗೆ ಕಷ್ಟವಾದ ಹೆಂಗಸು, ಎಲ್ಲವೂ ಎಲ್ಲರೂ ಆ ಪುಟ್ಟ ವಿಮಾನದಲ್ಲೇ ಹೋಗಿಬರಬೇಕು. ಹಲವು ಕಡೆ ಇಳಿಜಾರು ರನ್‌ವೇಗಳನ್ನು ಮಿಷನರಿಗಳ ಜೊತೆ ಸೇರಿ ಹಳ್ಳಿಗರೇ ಗುದ್ದಲಿ ಹಿಡಿದು ಕಡಿದದ್ದು.

ಸುಸಿ ಏರ್ ಹುಟ್ಟಿದ ಕಥೆಯೂ ಈ ಸರಣಿಯ ಹೆಸರಿಗೆ ಹೊಂದುವುದಿಲ್ಲ. ಅದನ್ನು ಕಟ್ಟಿದ ಸುಸಿ ಪುಜಿಯಸ್ತುತಿ, ಓದನ್ನು ನಡುವೆಯೇ ಬಿಟ್ಟು ಪಶ್ಚಿಮ ಜಾವಾದ ಕಡಲೂರು ಪಂಗಂದರನ್‌ನಲ್ಲಿ ಮೀನು ವ್ಯಾಪಾರಕ್ಕೆ ಇಳಿದ ಹೆಂಗಸು. ಹಿಡಿದ ಮೀನು, ಸಿಗಡಿ ಕೆಡುವುದರೊಳಗೆ ಪೇಟೆ ಸೇರಲೆಂದು ಸಾಲ ಮಾಡಿ ಸಣ್ಣ ವಿಮಾನ ಕೊಂಡರು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಅಚೆ ಪ್ರಾಂತದ ಮೆಉಲಾಬೊಗೆ ಮೊದಲು ನೆರವು ಹೊತ್ತು ಹೋದವುಗಳಲ್ಲಿ ಅವರ ವಿಮಾನವೂ ಒಂದು. 2014ರಿಂದ 2019ರವರೆಗೆ ಅವರು ಇಂಡೋನೇಷ್ಯಾದ ಮೀನುಗಾರಿಕಾ ಸಚಿವೆಯಾಗಿದ್ದರು. ಮೀನು ಮಾರುವ ಹೆಂಗಸೊಬ್ಬರು ಪೇಟೆಯ ದೂರವನ್ನು ಗೆಲ್ಲಲು ಹೊರಟದ್ದು ಈ ಹಾರಾಟದ ಮೂಲ. ನನಗೆ ಇದು ಪೈಲಟ್‌ನ ರೋಮಾಂಚನಕ್ಕಿಂತ ತೂಕದ ಕಥೆ.

ಪಾಪುವಾದ ರನ್‌ವೇ ಬರೀ ದೃಶ್ಯವಲ್ಲ, ಅಲ್ಲಿ ರಾಜಕೀಯವೂ ಇದೆ. 1969ರಲ್ಲಿ ಸರ್ಕಾರ ಆರಿಸಿದ ಸಾವಿರ ಚಿಲ್ಲರೆ ಜನರಿಂದ ಒಪ್ಪಿಗೆ ಹೇಳಿಸಿ ಆ ನಾಡನ್ನು ಇಂಡೋನೇಷ್ಯಾಕ್ಕೆ ಸೇರಿಸಿದ್ದನ್ನು ಅಲ್ಲಿನ ಬಹಳ ಜನ ಇನ್ನೂ ಒಪ್ಪಿಲ್ಲ. 2023ರ ಫೆಬ್ರವರಿ 7ರಂದು ನ್ದುಗಾ ಜಿಲ್ಲೆಯ ಪಾರೊ ಎಂಬಲ್ಲಿ ಇಳಿದ ಸುಸಿ ಏರ್ ವಿಮಾನವನ್ನು ಪ್ರತ್ಯೇಕತಾವಾದಿ ಬಂಡುಕೋರರು ಸುಟ್ಟು, ನ್ಯೂಜಿಲೆಂಡಿನ ಪೈಲಟ್‌ನನ್ನು ಒತ್ತೆಯಾಳಾಗಿ ಒಯ್ದರು. ಆತ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್ 21ರಂದು. ತಪ್ಪು ಮಾಡದ ಒಬ್ಬ ಮನುಷ್ಯನ ಹತ್ತೊಂಬತ್ತು ತಿಂಗಳನ್ನು ಕಸಿದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಬೆಟ್ಟ, ಮೋಡ, ಗಾಳಿಗಳನ್ನಷ್ಟೇ ಅಪಾಯವೆಂದು ತೋರಿಸುವ ಕ್ಯಾಮೆರಾಕ್ಕೆ ಇಂಥ ಘಟನೆ ಎಲ್ಲಿಂದಲೋ ಬಂದೆರಗಿದ ಸಿಡಿಲಿನಂತೆ ಕಾಣುತ್ತದೆ. ನೆಲದವರ ಜೊತೆ ಮಾತಾಡಿದ್ದರೆ ಅದು ಹಾಗೆ ಕಾಣುತ್ತಿರಲಿಲ್ಲ.

ಹಾಗಾದರೆ ಹಾರಾಟದ ಬಗ್ಗೆ ಬರೆದವರೆಲ್ಲ ನೆಲವನ್ನು ಮರೆತರೇ? ಇಲ್ಲ. ಫ್ರಾನ್ಸಿನ ಸಾಂತ್ ಎಕ್ಸುಪೆರಿಯ ‘ಮನುಷ್ಯರ ಭೂಮಿ’ 1939ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ‘ಗಾಳಿ, ಮರಳು, ನಕ್ಷತ್ರಗಳು’ ಎಂಬರ್ಥದ ಹೆಸರು ಕೊಟ್ಟರು. ಮೂಲದ ಹೆಸರಿನಲ್ಲಿ ಮನುಷ್ಯರಿದ್ದರು, ಅನುವಾದದ ಹೆಸರಿನಲ್ಲಿ ಅವರು ಮಾಯವಾದರು ಎಂಬುದನ್ನು ಗಮನಿಸಬೇಕು. ಆ ಪುಸ್ತಕದ ಆರಂಭದಲ್ಲಿ ಒಂದು ಪ್ರಸಂಗವಿದೆ. ಮರುದಿನ ಮೊದಲ ಬಾರಿಗೆ ಅಂಚೆ ಹೊತ್ತು ಸ್ಪೇನಿನ ಮೇಲೆ ಹಾರಬೇಕಾದ ಲೇಖಕ, ಅನುಭವಿ ಗೆಳೆಯ ಗಿಯೊಮೆಯ ಬಳಿ ಹೋಗುತ್ತಾನೆ. ಗಿಯೊಮೆ ಹೇಳಿಕೊಡುವ ಭೂಗೋಳದಲ್ಲಿ ದೊಡ್ಡ ಊರುಗಳಿಲ್ಲ. ಗ್ವಾದಿಸ್ ಊರಿನ ಬದಲು ಅದರ ಪಕ್ಕದ ಹೊಲದಲ್ಲಿರುವ ಮೂರು ಕಿತ್ತಳೆ ಮರಗಳಿವೆ. ಲೋರ್ಕಾದ ಬದಲು ಅದರ ಬಳಿಯ ಒಂದು ತೋಟದ ಮನೆ, ಅಲ್ಲಿನ ರೈತ ಮತ್ತು ಅವನ ಹೆಂಡತಿ ಇದ್ದಾರೆ. ಇಳಿಯಲು ಚೆನ್ನಾಗಿದೆಯೆಂದು ಮೋಸ ಮಾಡುವ ಹುಲ್ಲುಗಾವಲು, ಅದರೊಳಗೆ ಅಡಗಿ ಹರಿಯುವ ತೊರೆ, ಚಕ್ರಕ್ಕೆ ಅಡ್ಡ ಬರಬಹುದಾದ ಮೂವತ್ತು ಕುರಿಗಳೂ ಇವೆ.

ಈ ಪ್ರಸಂಗ ಹಾರಾಟ ಸಾಹಿತ್ಯದ ಅತ್ಯುತ್ತಮ ಭಾಗಗಳಲ್ಲೊಂದು ಎಂದು ನನ್ನ ಎಣಿಕೆ. ಇಂಜಿನ್ ಯಾವಾಗ ಬೇಕಾದರೂ ಕೈಕೊಡಬಹುದಾದ ಕಾಲದಲ್ಲಿ ಪೈಲಟ್ ನೆಲವನ್ನು ನಂಬಿ ಹಾರಬೇಕಿತ್ತು. ಆ ಅವಲಂಬನೆ ಅವನಿಗೆ ವಿನಯ ಕಲಿಸಿತು. ತಾನು ಎಲ್ಲಿ ಬೀಳುತ್ತೇನೋ ಅಲ್ಲಿ ಯಾರ ಮನೆಯಿದೆ ಎಂದು ತಿಳಿದಿರಬೇಕು ಎಂಬ ವಿನಯ.

ಆದರೆ ಸಾಂತ್ ಎಕ್ಸುಪೆರಿಯೂ ಕೊನೆಯವರೆಗೆ ಈ ವಿನಯವನ್ನು ಕಾಯ್ದುಕೊಳ್ಳುವುದಿಲ್ಲ. ಅದೇ ಗಿಯೊಮೆ 1930ರ ಜೂನ್‌ನಲ್ಲಿ ಆಂಡಿಸ್ ಬೆಟ್ಟಗಳಲ್ಲಿ ಹಿಮಗಾಳಿಗೆ ಸಿಕ್ಕು ಬಿದ್ದು, ಐದು ಹಗಲು ನಾಲ್ಕು ರಾತ್ರಿ ನಡೆದು ಬದುಕಿ ಬಂದ. ಆ ಭಾಗವನ್ನು ಓದುವಾಗ ಮನಸ್ಸಿಗೆ ತಟ್ಟುವುದು ಒಂದು ಮನೆವಾರ್ತೆಯ ಲೆಕ್ಕ. ಶವ ಸಿಗದಿದ್ದರೆ ಹೆಂಡತಿಗೆ ವಿಮೆಯ ಹಣ ವರ್ಷಗಟ್ಟಲೆ ಸಿಗುವುದಿಲ್ಲವೆಂದು ನೆನಪಾಗಿ, ಬೇಸಿಗೆಯಲ್ಲಿ ತನ್ನ ಹೆಣ ಕಾಣುವಂಥ ಬಂಡೆಯವರೆಗಾದರೂ ಹೋಗಬೇಕೆಂದು ಅವನು ಏಳುತ್ತಾನೆ. ಎದ್ದವನು ನಡೆಯುತ್ತಲೇ ಹೋಗುತ್ತಾನೆ. ಧೀರತನದ ಹಿಂದೆ ಸಂಸಾರವನ್ನು ಕಂಡ ಲೇಖಕನ ಕಣ್ಣು ದೊಡ್ಡದು. ಆದರೆ ಗಿಯೊಮೆಯನ್ನು ಕಂಡು ಉಳಿಸಿದವನು ಅಲ್ಲಿನ ಹದಿನಾಲ್ಕು ವರ್ಷದ ಒಬ್ಬ ಹುಡುಗ. ಪುಸ್ತಕ ಓದಿ ಮುಗಿಸಿದವರ ಮನಸ್ಸಿನಲ್ಲಿ ಗಿಯೊಮೆ ಉಳಿಯುತ್ತಾನೆ, ಆ ಹುಡುಗ ಉಳಿಯುವುದಿಲ್ಲ.

ಲೇಖಕನೇ 1935ರ ಡಿಸೆಂಬರ್ ಕೊನೆಯಲ್ಲಿ ಲಿಬಿಯಾ ಮರುಭೂಮಿಯಲ್ಲಿ ಬಿದ್ದು, ಮೆಕ್ಯಾನಿಕ್ ಪ್ರೆವೊ ಜೊತೆ ನೀರಿಲ್ಲದೆ ಸಾವಿನ ಅಂಚಿಗೆ ಬಂದಾಗ ಉಳಿಸಿದವನು ಒಬ್ಬ ಬೆದೂಯಿನ್. ಹಗೆಯೋ ಗೆಳೆತನವೋ ನೋಡದೆ ನೀರು ಕೊಟ್ಟವನು. ಅವನನ್ನು ನೆನೆದು ಲೇಖಕ ಬರೆಯುವ ಮಾತುಗಳು ಕೃತಜ್ಞತೆಯಿಂದ ತುಂಬಿವೆ. ಅಲ್ಲೇ ಆತ, ನಿನ್ನ ಮುಖ ನನಗೆ ನೆನಪಿರುವುದಿಲ್ಲ, ನೀನು ನನಗೆ ಮನುಕುಲವೇ ಆಗಿದ್ದೀಯೆ ಎಂಬ ಅರ್ಥದ ಮಾತನ್ನೂ ಹೇಳುತ್ತಾನೆ. ಉದಾತ್ತವಾದ ಮಾತು ಇದು. ಆದರೂ ಒಂದು ಕಡೆ ಚುಚ್ಚುತ್ತದೆ. ಗಿಯೊಮೆ ಗಿಯೊಮೆಯಾಗಿಯೇ ಉಳಿದ, ಪುಸ್ತಕವೂ ಅವನಿಗೇ ಅರ್ಪಣೆಯಾಯಿತು. ನೀರು ಕೊಟ್ಟವನು ಮಾತ್ರ ಹೆಸರು, ಮುಖ ಕಳೆದುಕೊಂಡು ಮನುಕುಲವಾಗಬೇಕಾಯಿತು. ಬಡವರನ್ನು, ಪರರನ್ನು ಗೌರವಿಸುವ ಸಾಹಿತ್ಯ ಕೂಡ ಎಷ್ಟೋ ಸಲ ಅವರನ್ನು ಸಂಕೇತ ಮಾಡಿ ಬಿಟ್ಟುಬಿಡುತ್ತದೆ. ಸಂಕೇತವಾದವನಿಗೆ ಹಸಿವಿಲ್ಲ, ಹೆಂಡತಿ ಮಕ್ಕಳಿಲ್ಲ, ವಿಮೆಯ ಚಿಂತೆಯಂತೂ ಇಲ್ಲವೇ ಇಲ್ಲ.

ಇದು ದೂರದ ದೇಶಗಳ ಮಾತಾಗಿ ಉಳಿದಿಲ್ಲ. ಹಿಸ್ಟರಿ ಚಾನೆಲ್‌ನ ಪಟ್ಟಿ ಬಂದ 2010ರಲ್ಲೇ, ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಸತ್ತರು. ಉಳಿದವರು ಎಂಟೇ ಜನ. ಮಂಗಳೂರಿನದು ದೊಡ್ಡ ವಿಮಾನಗಳು ಬರುವ ಉದ್ದದ ರನ್‌ವೇ, ಲುಕ್ಲಾದಂಥದ್ದಲ್ಲ. ಆದರೂ ‘ಟೇಬಲ್‌ಟಾಪ್’ ಎಂಬ ಪದ ಅಂದಿನಿಂದ ಕನ್ನಡದ ಮನೆಮಾತಾಯಿತು, ಅಪಾಯದ ನಿಲ್ದಾಣಗಳ ಪಟ್ಟಿಗಳಿಗೆ ಮಂಗಳೂರೂ ಸೇರಿತು. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಲ್ಲದಿದ್ದರೂ ಇಳಿಯುವ ಪ್ರಯತ್ನವನ್ನು ಕ್ಯಾಪ್ಟನ್ ಕೈಬಿಡದಿದ್ದದ್ದು, ಸಹಪೈಲಟ್ ಎಚ್ಚರಿಸಿದರೂ ಮುಂದುವರಿದದ್ದು ಕಾರಣವೆಂದು ತನಿಖೆ ಹೇಳಿತು. ಪಟ್ಟಿಗಳಿಗೆ ಮಾತ್ರ ಗುಡ್ಡವೇ ಖಳನಾಯಕ. ಆ ವಿಮಾನದಲ್ಲಿ ಇದ್ದವರಲ್ಲಿ ಬಹಳ ಮಂದಿ ದುಡಿಯಲು ಹೋದವರು, ರಜೆಗೆ ಮನೆಗೆ ಮರಳುತ್ತಿದ್ದವರು. ಅವರಿಗೆ ಆ ಗುಡ್ಡ ಊರು ಬಂತೆಂಬ ಗುರುತಾಗಿತ್ತು. ಪಟ್ಟಿಯಲ್ಲಿ ಸ್ಥಾನ ಸಿಕ್ಕ ಊರು ಹೇಗೆ ತನ್ನ ಜನರಿಂದ ಬರಿದಾಗುತ್ತದೆ ಎಂಬುದನ್ನು ಈ ನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಲುಕ್ಲಾ, ಪಾಪುವಾಗಳ ಬಗ್ಗೆ ನೋಡುವಾಗ ನಾವು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಬೆಟ್ಟದ ಹಾರಾಟದ ಬಗ್ಗೆ ಬರೆಯುವವರು ಅಪಾಯವನ್ನು ಬಿಟ್ಟು ಬರೆಯಲಿ ಎಂದು ನಾನು ಕೇಳುತ್ತಿಲ್ಲ. ಅಪಾಯ ನಿಜ, ಪೈಲಟ್‌ನ ಎದೆಗಾರಿಕೆಯೂ ನಿಜ. ಆದರೆ ಗಿಯೊಮೆಯ ಮೂರು ಕಿತ್ತಳೆ ಮರಗಳು ಬರೆಯುವವರ ನಕ್ಷೆಯಲ್ಲೂ ಇರಲಿ. ಆ ಮರಗಳನ್ನು ನೆಟ್ಟವನ ಹೆಸರನ್ನೂ ಕೇಳಿ ಬರೆದುಕೊಳ್ಳಲಿ. ಕ್ಯಾಮೆರಾ ಹಿಡಿದು ಲುಕ್ಲಾಕ್ಕೆ ಹೋಗುವ ಮುಂದಿನ ತಂಡ ಬೆಳಗಿನ ಕೊನೆಯ ವಿಮಾನ ಹೊರಟ ಮೇಲೂ ಅಲ್ಲೇ ಉಳಿಯಲಿ. ಕಣಿವೆಯಿಂದ ಮೋಡ ಏರಿ ರನ್‌ವೇ ಬರಿದಾದಾಗ, ಮೇಲೆ ನಾಮ್ಚೆಯ ದಾರಿಯಲ್ಲಿ ಬುಟ್ಟಿಗಳು ಒಂದರ ಹಿಂದೆ ಒಂದು ಹತ್ತುತ್ತಿರುತ್ತವೆ. ಅವುಗಳ ಹಿಂದೆ ನಡೆದು ಹೋದರೆ ಅವರಿಗೆ ಬೇರೆಯೇ ಒಂದು ಚಿತ್ರ ಸಿಗುತ್ತದೆ.